ಮಧುಮೇಹಿಗಳ ಪ್ರಾಣಬಂಧು ಬ್ಯಾಂಟಿಂಗ್

ನವೆಂಬರ್ 14ನೆಯ ದಿನವನ್ನು ನಾವು ಮಕ್ಕಳ ದಿನವೆಂದು ಸಂಭ್ರಮದಿಂದ ಆಚರಿಸುತ್ತೇವೆ. ಅದೇ ದಿನವು ವಿಶ್ವ ಮಧುಮೇಹ ದಿನವೂ ಹೌದೆಂಬುದನ್ನು ನಮ್ಮಲ್ಲಿ ಅನೇಕರು ಅರಿಯೆವು. ಅಸಂಖ್ಯ ಮಕ್ಕಳನ್ನು ಮೃತ್ಯುಮುಖದಿಂದ ಪಾರುಮಾಡಿದ ಫ್ರೆಡರಿಕ್ ಬ್ಯಾಂಟಿಂಗನು 1891ರಲ್ಲಿ ಆ ದಿನದಂದೇ ಕೆನಡಾ ದೇಶದ ಆಲಿಸ್ಟನ್ ಎಂಬಲ್ಲಿ ರೈತನ ಮನೆಯಲ್ಲಿ ಜನಿಸಿದನು.

ಕಾಲೇಜಿನ ಮೊದಲ ವರ್ಷದಲ್ಲಿಯೇ ಆತನು ಅನುತ್ತೀರ್ಣನಾದನು. ಆದರೂ ಧೃತಿಗೆಡದೆ ವೈದ್ಯಶಾಸ್ತ್ರವನ್ನು ಕೈಗೊಂಡು 1916ರಲ್ಲಿ ವೈದ್ಯನಾದನು. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರ ಶುಶ್ರೂಷೆ ಮಾಡುತ್ತಿದ್ದಾಗ, 1918ರಲ್ಲಿ ಗಾಯಗೊಂಡನು. ದೇಶಕ್ಕೆ ಮರಳಿ ಚಿಕಿತ್ಸಾಲಯವನ್ನು ತೆರೆದರೆ ಹೆಚ್ಚು ರೋಗಿಗಳು ಬರಲಿಲ್ಲ.

ನಾವು ಉಂಡ ಅನ್ನವು ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ಅದು ದೇಹಕ್ಕೆ ಒದಗಬೇಕಾದರೆ ಮೇದೋಜೀರಕ ಗ್ರಂಥಿಯ ಒಂದು ಸ್ರಾವವು ಅವಶ್ಯ. ಆ ಸ್ರಾವವು ಬತ್ತಿದ ಮಕ್ಕಳಿಗೆ ಅಂದು ಔಷಧವೇ ಇರಲಿಲ್ಲ. ಆಹಾರವನ್ನು ಅತಿಯಾಗಿ ಕಡಿತಗೊಳಿಸಿ ಅವರ ಆಯುಷ್ಯವನ್ನು ತುಸು ಕಾಲ ಮುಂದೂಡುತ್ತಿದ್ದರು. ಮಕ್ಕಳು ಎಲುಬಿನ ಹಂದರವಾಗಿ ಸಾಯುತ್ತಿದ್ದರು.

1920ರ ಅಕ್ಟೋಬರ್ ತಿಂಗಳಿನ ಕೊನೆಯ ರಾತ್ರಿ ಒಂದು ಲೇಖನವನ್ನೋದಿದ ಬ್ಯಾಂಟಿಂಗನಿಗೆ ಆ ಸ್ರಾವವನ್ನು ಬೇರ್ಪಡಿಸುವ ಉಪಾಯವೊಂದು ಹೊಳೆಯಿತು. ಟೊರಾಂಟೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮ್ಯಾಕ್ಲಿಯಡ್ ಪ್ರಯೋಗಶಾಲೆಯಲ್ಲಿ ಸ್ಥಳವನ್ನು ಕೊಟ್ಟನು. 1921ರ ಬೇಸಗೆಯಲ್ಲಿ ಚಾರ್ಲ್ಸ್ ಬೆಸ್ಟ್ ಎಂಬ ತರುಣನೊಡನೆ ಬ್ಯಾಂಟಿಂಗನು ನಾಯಿಗಳ ಮೇಲೆ ಪ್ರಯೋಗಗಳನ್ನು ನಡೆಸಿದನು. 1922ರ ಜನವರಿ 11ರಂದು ಮರಣಾಸನ್ನನಾಗಿದ್ದ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಮೊದಲ ಚುಚ್ಚುಮದ್ದನ್ನು ಕೊಡಲಾಯಿತು. ಅದು ಫಲಿಸಲಿಲ್ಲ. ರಸಾಯನಜ್ಞ ಕಾಲಿಪನು ಹಗಲಿರುಳೆನ್ನದೆ ಔಷಧವನ್ನು ಶುದ್ಧಗೊಳಿಸಿದನು. ಜನವರಿ 23ರಂದು ಅದನ್ನೇ ಮತ್ತೆ ಕೊಟ್ಟಾಗ ಬಾಲಕನ ರಕ್ತದ ಸಕ್ಕರೆ ಇಳಿಯಿತು. ಆತನು ಇನ್ನೂ 13 ವರ್ಷ ಬದುಕಿದನು. ಆ ಔಷಧವೇ ಇನ್ಸುಲಿನ್.

1923ರಲ್ಲಿ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಡರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಬೆಸ್ಟನನ್ನು ಕೈಬಿಟ್ಟುದಕ್ಕೆ ನೊಂದ ಬ್ಯಾಂಟಿಂಗನು ತನ್ನ ಹಣದಲ್ಲಿ ಅರ್ಧವನ್ನು ಅವನಿಗಿತ್ತನು. ಮ್ಯಾಕ್ಲಿಯಡನು ಕಾಲಿಪನಿಗೆ ಪಾಲು ಕೊಟ್ಟನು. ಅಪಾರ ಧನವನ್ನು ತರಬಲ್ಲ ಪೇಟೆಂಟ್ ಹಕ್ಕು ಕೇವಲ ಒಂದೊಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಸಂದಿತು.

1941ರ ಫೆಬ್ರವರಿಯಲ್ಲಿ ವಿಮಾನಾಪಘಾತದಿಂದ ಬ್ಯಾಂಟಿಂಗನು ತೀರಿಕೊಂಡನು. ಆತನ ಕಾಲದಲ್ಲಿ ಇಲ್ಲದಿದ್ದ ಸಾಧನಗಳು ಇಂದು ಬಂದಿವೆ. ತೋಳಿಗೆ ಅಂಟಿಸಿದ ಪುಟ್ಟ ಬಿಲ್ಲೆಯೊಂದು ಹಗಲೂ ರಾತ್ರಿಯೂ ದೇಹದ ಸಕ್ಕರೆಯ ಏರಿಳಿತವನ್ನು ತಿಳಿಸುತ್ತದೆ. ಪೇಟೆಯಲ್ಲಿ ಮಾರುವ ಪುಡಿ, ಕಷಾಯ, ಗುಳಿಗೆಗಳು ಮಾತ್ರ ಇನ್ಸುಲಿನ್ ಬತ್ತಿದ ಮಗುವಿಗೆ ಅದರ ಬದಲಾಗಲಾರವು. ಅವನ್ನು ನಂಬಿ ಚುಚ್ಚುಮದ್ದನ್ನು ಬಿಡುವುದು ಪ್ರಾಣಕ್ಕೇ ಎರವಾಗುವ ಮಾತು.

ನಮ್ಮ ತರಗತಿಯಲ್ಲಿಯೂ ಊಟಕ್ಕೆ ಮುಂಚೆ ಸೂಜಿಯನ್ನು ಚುಚ್ಚಿಕೊಳ್ಳುವ ಗೆಳೆಯನೋ ಗೆಳತಿಯೋ ಇರಬಹುದು. ಅವರನ್ನು ನಾವು ವಿಚಿತ್ರವಾಗಿ ನೋಡದಿರೋಣ. ಇನ್ಸುಲಿನ್ ಇಲ್ಲದ ಕಾಲದಲ್ಲಾಗಿದ್ದರೆ ಅವರು ನಮ್ಮೊಡನೆ ಉಳಿಯುತ್ತಿರಲಿಲ್ಲ. ಇಂದು ಅವರು ನಮ್ಮೊಡನೆ ಓದಿ, ಆಡಿ, ಬೆಳೆಯುತ್ತಿದ್ದಾರೆ. ಬ್ಯಾಂಟಿಂಗನಿಗೆ ಇದಕ್ಕಿಂತ ಹಿರಿದಾದ ಸ್ಮಾರಕವು ಬೇರೆ ಯಾವುದಿದೆ?