ಸೋಲಿಗೆ ಕುಗ್ಗದ ಗುರು

ಅಮೋಸ್ ಅಲೊಂಜೊ ಸ್ಟ್ಯಾಗ್ 1862ರಲ್ಲಿ ಅಮೆರಿಕದ ನ್ಯೂಜೆರ್ಸಿ ಪ್ರಾಂತದ ಬಡ ಕುಟುಂಬವೊಂದರಲ್ಲಿ ಜನಿಸಿದರು. ಯೇಲ್ ವಿದ್ಯಾಲಯದಲ್ಲಿ ಓದುತ್ತಿದ್ದಾಗ ಪಾದ್ರಿಯಾಗಬೇಕೆಂಬುದು ಅವರ ಹಂಬಲವಾಗಿತ್ತು. ಭಾಷಣಕಲೆ ಒಲಿಯದಿರಲು, ಆಟದ ಮೂಲಕವೇ ತರುಣರನ್ನು ತಿದ್ದಲು ನಿಶ್ಚಯಿಸಿದರು.

1892ರಲ್ಲಿ ಅವರು ಶಿಕಾಗೊ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ಶಿಕ್ಷಕರಾದರು. ಅಮೆರಿಕದ ಈ ಫುಟ್‌ಬಾಲ್ ನಮ್ಮ ಕಾಲ್ಚೆಂಡಾಟವಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ನಡುವೆ ನುಗ್ಗಿ ಓಡುವ ಆಟ. 1905ರಲ್ಲಿ ಅವರ ತಂಡ ಒಂದು ಪಂದ್ಯವನ್ನೂ ಸೋಲಲಿಲ್ಲ. ಆದರೆ ಕಾಲ ಬದಲಾಯಿತು. 1932ರಲ್ಲಿ ತಂಡಕ್ಕೆ ದೊರೆತುದು ಮೂರು ಗೆಲುವು, ನಾಲ್ಕು ಸೋಲು. ಎಪ್ಪತ್ತು ತುಂಬಿದವರು ನಿವೃತ್ತರಾಗಬೇಕೆಂಬ ನಿಯಮವೂ ಎದುರಾಯಿತು. ಹೀಗೆ 41 ವರ್ಷಗಳ ಸೇವೆ ಸೋಲಿನ ನೆರಳಿನಲ್ಲಿ ಮುಗಿಯಿತು.

ವಿಶ್ವವಿದ್ಯಾನಿಲಯ ಕೊಡಬಂದ ಬೇರೆ ಹುದ್ದೆಯನ್ನು ಸ್ಟ್ಯಾಗ್ ಒಪ್ಪಲಿಲ್ಲ. ಮೈದಾನವನ್ನು ತೊರೆಯಲಾರದೆ, 1933ರಲ್ಲಿ ಕ್ಯಾಲಿಫೋರ್ನಿಯದ ಪೆಸಿಫಿಕ್ ಕಾಲೇಜಿನ ಸಣ್ಣ ತಂಡವನ್ನು ವಹಿಸಿಕೊಂಡರು. ಅಲ್ಲಿ ಅವರು ಕಳೆದ 14 ವರ್ಷಗಳಲ್ಲಿ ಗೆಲುವಿಗಿಂತ ಸೋಲುಗಳೇ ಹೆಚ್ಚು. ಆದರೂ ಅವರು ಧೃತಿಗೆಡಲಿಲ್ಲ. 1943ರಲ್ಲಿ, ತಮ್ಮ 81ನೆಯ ವಯಸ್ಸಿನಲ್ಲಿ, ವರ್ಷದ ಶ್ರೇಷ್ಠ ಶಿಕ್ಷಕರೆಂಬ ಗೌರವಕ್ಕೆ ಪಾತ್ರರಾದರು.

1965ರಲ್ಲಿ, 102 ವರ್ಷಗಳ ತುಂಬುಬಾಳನ್ನು ಬಾಳಿ ಸ್ಟ್ಯಾಗ್ ಕಣ್ಮುಚ್ಚಿದರು. ಸೋತ ಮರುದಿನವೂ ಮೈದಾನಕ್ಕಿಳಿಯುವವನೇ ನಿಜವಾದ ಆಟಗಾರನೆಂಬುದನ್ನು ಅವರ ಬಾಳು ಸಾರುತ್ತದೆ.