ಮುಹಮ್ಮದ್ ಬಿನ್ ತುಘಲಕ್ ಮತ್ತು ಬೆಳ್ಳಿ ಟಂಕ

ತಲೆಬುಡವಿಲ್ಲದ ಆಡಳಿತಕ್ಕೆ ತುಘಲಕ್ ದರ್ಬಾರು ಎನ್ನುವುದು ನಮ್ಮಲ್ಲಿ ವಾಡಿಕೆ. ಆದರೆ 1325ರಲ್ಲಿ ದೆಹಲಿಯ ಗದ್ದುಗೆ ಏರಿದ ಮುಹಮ್ಮದ್ ಬಿನ್ ತುಘಲಕ್ ತರ್ಕ, ಗಣಿತ, ವೈದ್ಯ ಓದಿಕೊಂಡಿದ್ದ ವಿದ್ವಾಂಸ. 1327ರಲ್ಲಿ ದೌಲತಾಬಾದನ್ನು ರಾಜಧಾನಿ ಮಾಡಿದ. ದಂಡಿನ ಖರ್ಚು ಬೆಳೆದು ಬೆಳ್ಳಿ ಸಾಲದಾಯಿತು.

ಮೂರನೆಯ ಶತಮಾನದ ರೋಮಿಗೂ ಇದೇ ಕಷ್ಟ ಬಂದಿತ್ತು. ಗ್ಯಾಲಿಯೆನಸ್ ಚಕ್ರವರ್ತಿಯ ಕೊನೆಗಾಲಕ್ಕೆ ಅಲ್ಲಿನ ಬೆಳ್ಳಿ ನಾಣ್ಯ ಹೆಚ್ಚುಕಡಿಮೆ ಬೆಳ್ಳಿ ಪೂಸಿದ ತಾಮ್ರವಾಗಿತ್ತು. ಸುಲ್ತಾನ ಹಾಗೆ ಮುಚ್ಚಿಡಲಿಲ್ಲ. 1329-30ರಲ್ಲಿ ಹಿತ್ತಾಳೆ, ತಾಮ್ರದ ನಾಣ್ಯ ಹೊರಡಿಸಿ, ಬೆಳ್ಳಿ ಟಂಕದ ಬೆಲೆಗೇ ನಡೆಸಬೇಕೆಂದು ಆಜ್ಞೆ ಮಾಡಿದ. ಇಂದಿನ ನೋಟೂ ಅದೇ ಅಲ್ಲವೇ? ಕಳ್ಳ ನಾಣ್ಯ ತಡೆಯುವ ಉಪಾಯ ಮಾತ್ರ ಅವನಲ್ಲಿರಲಿಲ್ಲ. ಹಿತ್ತಾಳೆ ಕೆಲಸ ಬಲ್ಲವರು ಮನೆಯಲ್ಲೇ ಟಂಕ ಮಾಡಿಕೊಂಡರು, ವ್ಯಾಪಾರಿಗಳು ಮುಟ್ಟದಾದರು. ಸುಮಾರು ಮೂರು ವರ್ಷಕ್ಕೆ ಅದನ್ನು ರದ್ದು ಮಾಡಿ, ತಂದವರಿಗೆ ಖಜಾನೆಯಿಂದ ಬೆಳ್ಳಿ, ಬಂಗಾರ ಕೊಟ್ಟ. ಬೊಕ್ಕಸಕ್ಕೆ ಪೆಟ್ಟು ಬಿದ್ದರೂ ಮಾತು ತಪ್ಪಲಿಲ್ಲ. ಇದನ್ನು ಯಾರೂ ನೆನೆಯುವುದಿಲ್ಲ.

ದಂಗೆಗಳು ನಿಲ್ಲಲಿಲ್ಲ. 1347ರಲ್ಲಿ ದಖ್ಖನ್ ಕೈತಪ್ಪಿ ಕಲಬುರಗಿಯಲ್ಲಿ ಬಹಮನಿ ರಾಜ್ಯ ಎದ್ದಿತು; ನಮ್ಮ ರಾಯಚೂರು ಸೀಮೆ ಅದಕ್ಕೂ ವಿಜಯನಗರಕ್ಕೂ ಜಗಳದ ನೆಲವಾಯಿತು. 1351ರಲ್ಲಿ ದಂಗೆಕೋರನೊಬ್ಬನ ಬೆನ್ನಟ್ಟಿ ಹೋಗಿದ್ದ ಸುಲ್ತಾನ ಸಿಂಧ್‌ನ ಠಟ್ಟಾ ಬಳಿ ಕಾಯಿಲೆಯಿಂದ ತೀರಿಕೊಂಡ.