ಬಾಗಿಲು ತೆರೆದಿಟ್ಟು ಪ್ರಾರ್ಥಿಸಿದಾಕೆ: ಪಂಡಿತಾ ರಮಾಬಾಯಿ

 

ಹೋದ ವಾರ ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮ ಒಬ್ಬ ತಂಗಿ ಫೋನ್ ಮಾಡಿದ್ಲು. ಆಫೀಸಿನಲ್ಲಿ ಊಟಕ್ಕೆ ಮುಂಚೆ ಕಣ್ಣು ಮುಚ್ಚಿದರೆ ನಗ್ತಾರಂತೆ. ಹಲ್ಲೆಲೂಯಾ ಅಂತ ಅಡ್ಡಹೆಸರು ಇಟ್ಟಿದ್ದಾರಂತೆ. ಈ ಕಾಲದಲ್ಲೂ ದೇವರಾ ಅಂತ ಕೇಳ್ತಾರಂತೆ. ಪಾಸ್ಟರ್, ಇದು ಹಿಂಸೆ ಅಲ್ವಾ ಅಂದ್ಲು. ನಾನು ಉತ್ತರ ಕೊಡಲಿಲ್ಲ. ಪ್ರಾರ್ಥನೆ ಮಾಡ್ತೀನಮ್ಮ ಅಂದು ಇಟ್ಟುಬಿಟ್ಟೆ. ಅವತ್ತು ಕೊಡದ ಉತ್ತರವನ್ನು ಇವತ್ತು ಒಬ್ಬ ಹೆಣ್ಣುಮಗಳ ಜೀವನ ಹೇಳಿ ಕೊಡ್ತೀನಿ.

ಪಂಡಿತಾ ರಮಾಬಾಯಿ ಅಂದ ಕೂಡಲೇ ಮಹಾರಾಷ್ಟ್ರದವರು ಅಂದ್ಕೊಳ್ತೀವಿ. ಆದರೆ ಆಕೆ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ, 1858ರ ಏಪ್ರಿಲ್ 23ರಂದು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದರು. ಆ ಕಾಲಕ್ಕೆ ಅದು ದೊಡ್ಡ ಅಪರಾಧ. ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು ಜವಾಬು ಕೊಡಬೇಕಾಯಿತು. ಅಂದರೆ ನೋಡ್ರಿ, ಕ್ರಿಸ್ತನ ಹೆಸರು ಆ ಮನೆಗೆ ಬರುವುದಕ್ಕಿಂತ ಮುಂಚೆಯೇ ವಿರೋಧ ಬಂದಿತ್ತು. ವಿರೋಧ ಕ್ರೈಸ್ತರಿಗೆ ಮಾತ್ರ ಬರುತ್ತೆ ಅಂತ ನಾವು ತಿಳ್ಕೋಬಾರದು.

1874ರ ಬರದಲ್ಲಿ ತಂದೆ ತಾಯಿ ಇಬ್ಬರೂ ತೀರಿಕೊಂಡರು. ರಮಾಬಾಯಿ ಅಣ್ಣನ ಜೊತೆ ಊರೂರು ನಡೆದು, ಪುರಾಣ ಹೇಳುತ್ತಾ 1878ರಲ್ಲಿ ಕಲ್ಕತ್ತೆಗೆ ಹೋದರು. ಅಲ್ಲಿಯ ವಿದ್ವಾಂಸರು ಪಂಡಿತಾ, ಸರಸ್ವತಿ ಅನ್ನುವ ಬಿರುದು ಕೊಟ್ಟರು. ಅಣ್ಣ ಸತ್ತ. ಬೇರೆ ಜಾತಿಯ ಬಂಗಾಳಿ ವಕೀಲರನ್ನು ಆಕೆ ಮದುವೆಯಾದರು. ಎರಡು ವರ್ಷ ತುಂಬುವುದರೊಳಗೆ ಅವರೂ ಕಾಲರಾದಿಂದ ತೀರಿಕೊಂಡರು. 23 ವರ್ಷದ ವಿಧವೆ, ಕೈಯಲ್ಲಿ ಹಸುಗೂಸು ಮನೋರಮಾ. 1883ರಲ್ಲಿ ಇಂಗ್ಲೆಂಡಿಗೆ ಹೋಗಿ ಅದೇ ಸೆಪ್ಟೆಂಬರ್ 29ರಂದು ಮಗಳ ಸಂಗಡ ದೀಕ್ಷಾಸ್ನಾನ ಹೊಂದಿದರು. ದೇವರಿಗೆ ಸ್ತೋತ್ರ.

ಇನ್ನು ಮೇಲೆ ಸುಖ ಅಂತ ನೀವು ಅಂದ್ಕೋಬಹುದು. ಇಲ್ಲ. ಇಂಗ್ಲೆಂಡಿನಲ್ಲಿ ಆಕೆಗೆ ಅಡ್ಡ ಬಂದವರು ಸಭೆಯವರೇ. ಆಕೆ ಗಂಡಸರಿಗೆ ಸಂಸ್ಕೃತ ಪಾಠ ಹೇಳಿದರೆ ಭಾರತದಲ್ಲಿ ಹೆಸರು ಕೆಡುತ್ತೆ ಅಂತ ಬಿಷಪ್‌ಗಳು ಆಕ್ಷೇಪ ಎತ್ತಿದರು. ಆಕೆ ಸಿದ್ಧಾಂತದ ಬಗ್ಗೆ ಪ್ರಶ್ನೆ ಕೇಳಿದರೆ ಗರ್ವ ಅಂದರು. ಶಿಲುಬೆಯ ಮೇಲೆ ಲ್ಯಾಟಿನ್ ಯಾಕೆ, ಸಂಸ್ಕೃತದಲ್ಲಿ ಬರೆಯಬಾರದಾ ಅಂತ ಆಕೆ ಕೇಳಿದ್ದಕ್ಕೂ ಬೇಸರ ಮಾಡಿಕೊಂಡರು. ನಮ್ಮಲ್ಲೂ ಪ್ರಶ್ನೆ ಕೇಳುವ ಹುಡುಗರನ್ನು ಹೀಗೇ ನೋಡ್ತೀವಲ್ಲ, ಅದನ್ನ ಇನ್ನೊಂದು ದಿನ ಮಾತಾಡೋಣ.

ಈಗ ಮುಖ್ಯ ವಿಷಯ. 1889ರ ಮಾರ್ಚ್ 11ರಂದು ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು; ಮರುವರ್ಷ ಅದು ಪುಣೆಗೆ ಬಂತು. ಹಣ ಅಮೆರಿಕದ ಕ್ರೈಸ್ತರದು, ಆದರೆ ಶಾಲೆ ಸೆಕ್ಯುಲರ್. ಹೌದು, ಸೆಕ್ಯುಲರ್. ಅಲ್ಲಿ ಬೈಬಲ್ ಪಾಠ ಇರಬಾರದು, ಹುಡುಗಿಯರು ತಮ್ಮ ಪೂಜೆ, ತಮ್ಮ ಅಡುಗೆಯ ಆಚಾರ ಇಟ್ಟುಕೊಳ್ಳಬಹುದು ಅನ್ನುವ ಮಾತಾಗಿತ್ತು. ರಮಾಬಾಯಿ ಆ ಮಾತು ಉಳಿಸಿಕೊಂಡರು. ಆದರೆ ತನ್ನ ಕೋಣೆಯಲ್ಲಿ ಮಗಳ ಜೊತೆ ಪ್ರಾರ್ಥಿಸುವಾಗ ಬಾಗಿಲು ಮುಚ್ಚಲಿಲ್ಲ. ಕೆಲವು ಹುಡುಗಿಯರು ತಾವಾಗಿಯೇ ಬಂದು ಕೂತರು.

1893ರಲ್ಲಿ ಪುಣೆ ಹೊತ್ತಿಕೊಂಡಿತು. ತಿಲಕರ ಕೇಸರಿ ಪತ್ರಿಕೆ ಆಕೆಯ ವಿರುದ್ಧ ಬರೆಯಿತು. ಬೆಂಬಲಕ್ಕೆ ನಿಂತಿದ್ದ ರಾನಡೆ, ಭಂಡಾರಕರ್ ಅವರೂ ಸಲಹಾ ಸಮಿತಿ ಬಿಟ್ಟರು. ಸುಮಾರು 25 ಹುಡುಗಿಯರನ್ನು ಮನೆಯವರು ವಾಪಸ್ ಕರೆದುಕೊಂಡು ಹೋದರು.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ನಮ್ಮ ಕೂಟಗಳಲ್ಲಿ ಈ ಕಥೆ ಹೇಳುವಾಗ ಆಚೆಯವರನ್ನೆಲ್ಲ ವೈರಿಗಳ ಹಾಗೆ ತೋರಿಸಿಬಿಡ್ತೀವಿ. ನಾನೂ ಹಾಗೇ ಹೇಳಿದ್ದೇನೆ. ಆದರೆ ಆ ತಂದೆಯ ಜಾಗದಲ್ಲಿ ನಿಂತು ನೋಡ್ರಿ. ಧರ್ಮದ ವಿಷಯ ಬರೋದಿಲ್ಲ ಅಂತ ನಂಬಿ ವಿಧವೆ ಮಗಳನ್ನು ಕಳಿಸಿದ್ದಾನೆ, ಈಗ ಅವಳು ಪ್ರಾರ್ಥನೆಗೆ ಕೂರ್ತಾಳೆ ಅಂತ ಸುದ್ದಿ ಬಂದಿದೆ. ಅವನಿಗೆ ಹೆದರಿಕೆ ಆಗದೇ ಇರುತ್ತಾ? ಅದನ್ನೂ ಹಿಂಸೆ ಅಂತ ಕರೆದರೆ, 1999ರಲ್ಲಿ ಒಡಿಶಾದಲ್ಲಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು ಸುಟ್ಟದ್ದಕ್ಕೆ ಏನಂತ ಕರೀತೀರಿ? 2008ರಲ್ಲಿ ಮಂಗಳೂರು ಕಡೆ ಪ್ರಾರ್ಥನಾ ಮಂದಿರಗಳ ಮೇಲೆ ನಡೆದ ದಾಳಿಗೆ? ಹಿಂಸೆ ನಮ್ಮ ರಾಜ್ಯದಲ್ಲೇ ಇದೆ, ಇಲ್ಲ ಅನ್ನಲ್ಲ. ಅದಕ್ಕೇ ಆ ಪದವನ್ನು ಅಗ್ಗ ಮಾಡಬಾರದು ಅಂತೀನಿ.

ರಮಾಬಾಯಿ ಏನು ಮಾಡಿದರು? ಯಾವ ಹುಡುಗಿಗೂ ಬಾ ಅನ್ನಲಿಲ್ಲ, ಬರಬೇಡ ಅಂತಲೂ ಅನ್ನಲಿಲ್ಲ. ಬಾಗಿಲು ತೆರೆದೇ ಇತ್ತು. ಶಾಲೆಯೂ ನಡೆಯಿತು. ಅದರ ಮೊದಲ ವಿಧವೆ ವಿದ್ಯಾರ್ಥಿನಿ ಗೋದೂಬಾಯಿ ಹಿಂದೂ ಆಗಿಯೇ ಉಳಿದು, ಅದೇ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದರು. ರಮಾಬಾಯಿ ಅದನ್ನು ಸೋಲು ಅಂತ ಎಣಿಸಲಿಲ್ಲ. ನಾನಾಗಿದ್ದರೆ? ಸಂಖ್ಯೆ ಲೆಕ್ಕ ಹಾಕುವ ಬುದ್ಧಿ ನನಗಿದೆ, ಕರ್ತನು ಕ್ಷಮಿಸಲಿ.

1896-97ರ ಬರ ಬಂದಾಗ ಆಕೆ ಮಧ್ಯಪ್ರಾಂತಕ್ಕೆ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ತಾನೇ ಬರದಲ್ಲಿ ಹೆತ್ತವರನ್ನು ಕಳಕೊಂಡವಳಲ್ಲವಾ. ಪುಣೆಯಲ್ಲಿ ಪ್ಲೇಗ್ ಇತ್ತು, ಸರ್ಕಾರ ಇಟ್ಟುಕೊಳ್ಳಲು ಬಿಡಲಿಲ್ಲ. ಕೇಡಗಾಂವಿನ ಹೊಲದಲ್ಲಿ ಗುಡಿಸಲು ಎದ್ದವು. ಅದೇ ಮುಕ್ತಿ. ಅಮೆರಿಕದವರ ಹತ್ತು ವರ್ಷದ ಒಪ್ಪಂದ 1898ರಲ್ಲಿ ಮುಗಿಯಿತು. ಆಮೇಲೆ ಮುಕ್ತಿ ಬಹಿರಂಗವಾಗಿ ಕ್ರೈಸ್ತ ಸಂಸ್ಥೆಯಾಯಿತು. ಕ್ರಮ ಗಮನಿಸಿ: ಕೊಟ್ಟ ಮಾತು ಮುಗಿಯುವ ತನಕ ಕಾದರು. 1905ರ ಜೂನ್ ಕೊನೆಯಲ್ಲಿ ಅಲ್ಲಿ ಪವಿತ್ರಾತ್ಮನ ಸುರಿಸುವಿಕೆ ಆಯಿತು, ಲಾಸ್ ಏಂಜಲೀಸಿನ ಅಜೂಸಾ ಬೀದಿಗಿಂತ ಒಂದು ವರ್ಷ ಮುಂಚೆ. ಹಲ್ಲೆಲೂಯಾ! ಅಪ್ಪ ಅಮ್ಮ ಇಲ್ಲದ, ಯಾರಿಗೂ ಬೇಡವಾದ ಹುಡುಗಿಯರ ಮೇಲೆ ಬಂತು ಆ ಬೆಂಕಿ.

ಆಕೆ ನಮ್ಮ ಕಡೆಯನ್ನೂ ಮರೆಯಲಿಲ್ಲ. ಆಗ ಬೀದರಿನಂತೆ ಕಲಬುರಗಿಯೂ ನಿಜಾಮನ ರಾಜ್ಯದಲ್ಲಿತ್ತು. 1912ರ ಸುಮಾರಿಗೆ ಅಲ್ಲಿ ಒಂದು ಶಾಲೆ ತೆರೆದು ಮಗಳು ಮನೋರಮಾಳನ್ನು ಮುಖ್ಯಸ್ಥೆ ಮಾಡಿದರು. 1921ರಲ್ಲಿ ಆ ಮಗಳೂ ತೀರಿಕೊಂಡಳು. ರಮಾಬಾಯಿ ಬೈಬಲನ್ನು ಹೀಬ್ರೂ, ಗ್ರೀಕ್ ಕಲಿತು ಸರಳ ಮರಾಠಿಗೆ ತರುತ್ತಿದ್ದರು. ಮುಕ್ತಿಯ ಹೆಣ್ಣುಮಕ್ಕಳೇ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಮಗಳನ್ನು ಮಣ್ಣು ಮಾಡಿ ಬಂದು ಮತ್ತೆ ಅದೇ ಕೆಲಸಕ್ಕೆ ಕೂತರು. 1922ರ ಏಪ್ರಿಲ್ 5ರಂದು ಕರ್ತನ ಸನ್ನಿಧಿಗೆ ಹೋದರು.

ಫೋನ್ ಮಾಡಿದ ತಂಗಿ ಇವತ್ತು ಕೇಳ್ತಾ ಇದ್ದಾಳೆ ಅಂತ ಗೊತ್ತು. ತಂಗಿ, ನಾಳೆ ಊಟದ ಟೇಬಲ್ಲಿನಲ್ಲಿ ಕಣ್ಣು ಮುಚ್ಚಮ್ಮ. ನಿನ್ನನ್ನು ನೋಡಿ ನಗುವ ಆ ನಾಲ್ಕು ಜನರ ಹೆಸರು ನನಗೆ ಬರೆದು ಕಳಿಸಿದ್ದೀಯಲ್ಲ, ದೂರು ಕೊಡೋದಕ್ಕಲ್ಲ ಅಂತಲೂ ಬರೆದಿದ್ದೀಯ. ಎಲ್ಲರೂ ಎದ್ದು ನಿಲ್ಲೋಣ, ಆ ನಾಲ್ಕು ಜನರಿಗಾಗಿ ಪ್ರಾರ್ಥಿಸೋಣ.